ಅಂಪೈರ್ ಇಲ್ಲದ ಕೋರ್ಟಿನಲ್ಲಿ ಲೆಟ್ ಯಾವಾಗ, ಪಾಯಿಂಟ್ ಯಾರಿಗೆ?

ಸಂಜೆಯಾಟ
ಎಲ್ಲರಿಗೂ ನಮಸ್ಕಾರ. ನಮ್ಮ ಬ್ಯಾಡ್ಮಿಂಟನ್ ಗುಂಪಿನಲ್ಲಿ ಒಂದು ವಾದ ಮುಗಿಯುತ್ತಲೇ ಇಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಡಬಲ್ಸ್, ಮೂರನೇ ಗೇಮ್, 18-19. ಎದುರಿನವರು ಎತ್ತಿದ ಟಾಸ್ (ಎತ್ತರಕ್ಕೆ ಹೊಡೆದ ಶಟಲ್) ಅರ್ಧ ಕೋರ್ಟಿಗೇ ಬಂತು. ನನ್ನ ಪಾರ್ಟ್ನರ್ ಸ್ಮ್ಯಾಷ್‌ಗೆ ಹಾರಿದ ಹೊತ್ತಿಗೆ ಪಕ್ಕದ ಕೋರ್ಟಿನ ಶಟಲ್ ಒಂದು ಎದುರಿನವರ ಹಿಂದಿನ ಗೆರೆಯ ಹತ್ತಿರ ಬಂದು ಬಿತ್ತು. ಸ್ಮ್ಯಾಷ್ ನೆಟ್‌ಗೆ ಹೋಯಿತು. ಆಮೇಲೆ ಅವನು "ಲೆಟ್, ಶಟಲ್ ಬಂದಿತ್ತು" ಎಂದ, ಅಂದರೆ ಆ ಪಾಯಿಂಟ್ ಲೆಕ್ಕಕ್ಕಿಲ್ಲ, ಮತ್ತೆ ಆಡೋಣ ಎಂದು. ಎದುರಿನ ಇಬ್ಬರಲ್ಲಿ ಒಬ್ಬರಿಗೆ ಶಟಲ್ ಬಂದದ್ದೇ ಗೊತ್ತಿಲ್ಲ. ಇನ್ನೊಬ್ಬರು "ನೆಟ್‌ಗೆ ಹೊಡೆದಾದ ಮೇಲೆ ಲೆಟ್ ಎಲ್ಲಿಂದ ಬಂತು" ಎಂದು ಪಟ್ಟು ಹಿಡಿದರು.

ಆ ಪಾಯಿಂಟ್ ಯಾರಿಗೆ ಹೋಯಿತು ಎನ್ನುವುದು ಈಗ ಮುಖ್ಯವಲ್ಲ. ಇಂಥ ಸಂದರ್ಭಕ್ಕೆ ಎಲ್ಲರೂ ಒಪ್ಪುವ ಒಂದು ಪದ್ಧತಿ ಬೇಕಾಗಿದೆ. ಜೊತೆಗೆ ಇನ್ನೆರಡು ತಕರಾರುಗಳಿವೆ. ಎದುರಿನವರು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಕೂಗುವವರು ಒಬ್ಬರಿದ್ದಾರೆ. ಮತ್ತೆ ಗೆರೆಯ ಬಳಿ ಬಿದ್ದ ಪ್ರತಿ ಶಟಲ್‌ಗೂ "ಬಿಡಿ, ಮತ್ತೆ ಆಡೋಣ" ಎನ್ನುವ ಅಭ್ಯಾಸ ಬೆಳೆದುಬಿಟ್ಟಿದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಬೇಸ್‌ಲೈನ್
ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ನಿಯಮಾವಳಿಯಲ್ಲಿ ಲೆಟ್ ಬಗ್ಗೆ ಇರುವುದು 14ನೇ ನಿಯಮ. ಅಂಪೈರ್ ಇದ್ದರೆ ಲೆಟ್ ಕರೆಯುವವರು ಅವರು, ಇಲ್ಲದಿದ್ದರೆ ಆಟಗಾರರೇ ಕರೆಯಬಹುದು. ಅನಿರೀಕ್ಷಿತ ಅಥವಾ ಆಕಸ್ಮಿಕ ಸಂದರ್ಭ ಬಂದರೆ ಲೆಟ್ ಎಂದು ಅಲ್ಲೇ ಇದೆ. ಪಕ್ಕದ ಕೋರ್ಟಿನ ಶಟಲ್ ಇದರೊಳಗೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಲೆಟ್ ಆದರೆ ಕೊನೆಯ ಸರ್ವ್‌ನಿಂದ ಆಡಿದ್ದು ಲೆಕ್ಕಕ್ಕಿಲ್ಲ, ಸರ್ವ್ ಮಾಡಿದ್ದವರೇ ಮತ್ತೆ ಸರ್ವ್ ಮಾಡಬೇಕು.

ಲೆಟ್ ಕರೆಯುವುದು ಯಾಕೆ? ಆಟವನ್ನು ನಿಲ್ಲಿಸಲು. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ನಿಲ್ಲಿಸುವ ಮಾತು ಆಟ ನಡೆಯುತ್ತಿರುವಾಗ ಬರಬೇಕು. ಶಟಲ್ ನೆಟ್‌ಗೆ ಬಡಿದು ಹೊಡೆದವರ ಕಡೆಗೇ ಬೀಳತೊಡಗಿದರೆ ಆಟ ಆಗಲೇ ನಿಂತಾಯಿತು, ಮುಂದೆ ನಿಲ್ಲಿಸಲು ಏನೂ ಉಳಿದಿಲ್ಲ. ಹೊಡೆತ ಏನಾಯಿತು ಎಂದು ತಿಳಿಯುವ ಮೊದಲು ಕೂಗಿದರೆ ಲೆಟ್. ತಿಳಿದ ಮೇಲೆ ಕೂಗಿದರೆ ಅದು ಸೋತ ಪಾಯಿಂಟ್ ವಾಪಸ್ ಕೇಳಿದ ಹಾಗೆ. ನಾನು ಆಡುವಲ್ಲಿ ಈ ಒಂದು ಮಾತಿನ ಮೇಲೆ ಮುಕ್ಕಾಲು ಪಾಲು ಜಗಳ ನಿಂತಿದೆ.

ಎಡಗೈ
ಬೇಸ್‌ಲೈನ್ ಸರ್, ಓದೋಕೆ ಚೆನ್ನಾಗಿದೆ, ಆದರೆ ಗಾಳಿಯಲ್ಲಿ ಹಾರಿರೋನಿಗೆ ಕೂಗೋಕೆ ಟೈಮ್ ಎಲ್ಲಿರುತ್ತೆ? ಕೈ ಆಗಲೇ ಹಿಂದಕ್ಕೆ ಹೋಗಿರುತ್ತೆ, ಕಣ್ಣಿನ ಅಂಚಲ್ಲಿ ಬಿಳಿ ಏನೋ ಕಾಣಿಸುತ್ತೆ, ಅಷ್ಟರಲ್ಲಿ ಹೊಡೆತ ಬಿದ್ದಾಗಿರುತ್ತೆ. ಬಾಯಿ ತೆರೆಯೋ ಮೊದಲೇ ಶಟಲ್ ನೆಟ್‌ನಲ್ಲಿ. ಅವನು ಬೇಕು ಅಂತ ತಡ ಮಾಡಿದ್ದಲ್ಲ. ನಿಮ್ಮ ನಿಯಮದ ಪ್ರಕಾರ ನಿಜವಾಗಿ ಗಮನ ತಪ್ಪಿದೋನೇ ಪಾಯಿಂಟ್ ಕಳ್ಕೊಳ್ತಾನೆ. ಇದು ನ್ಯಾಯನಾ?

ಬೇಸ್‌ಲೈನ್
ಒಪ್ಪಬೇಕಾದ ಮಾತು. ಕೈಯನ್ನು ಮಧ್ಯದಲ್ಲಿ ನಿಲ್ಲಿಸಲು ಆಗದು ನಿಜ. ಹೊಡೆದ ಆ ಉಸಿರಿನಲ್ಲೇ "ಲೆಟ್" ಬಂದರೆ ನಾನು ಕೊಡುತ್ತೇನೆ, ಶಟಲ್ ಅಷ್ಟರಲ್ಲಿ ನೆಟ್‌ಗೆ ತಾಗಿದ್ದರೂ ಸರಿ. ನೆಟ್ ನೋಡಿ, ಪಾರ್ಟ್ನರ್ ಮುಖ ನೋಡಿ, ಆಮೇಲೆ ನೆನಪಾಗುವ ಲೆಟ್ ಮಾತ್ರ ಬೇಡ.

ಕೇಳುವವರಿಗೂ ಒಂದು ಪರೀಕ್ಷೆ ಇದೆ. ಅದೇ ಸ್ಮ್ಯಾಷ್ ಎದುರಿನವರ ಕಾಲ ಬುಡಕ್ಕೆ ಬಿದ್ದಿದ್ದರೂ ನಾನು ಲೆಟ್ ಎನ್ನುತ್ತಿದ್ದೆನೇ? ಹೌದು ಎನ್ನುವುದಾದರೆ ಧೈರ್ಯವಾಗಿ ಕೇಳಿ. ಇಲ್ಲ ಎಂದರೆ ಪಾಯಿಂಟ್ ಕೊಟ್ಟುಬಿಡಿ. ಈ ಪ್ರಶ್ನೆಯನ್ನು ಎದುರಿನವರು ನಮಗೆ ಕೇಳುವಂತಿಲ್ಲ, ನಮಗೆ ನಾವೇ ಕೇಳಿಕೊಳ್ಳಬೇಕು.

ಹಳೇ ರಾಕೆಟ್
ಪಾಯಿಂಟ್ ಲೆಕ್ಕ ಆಮೇಲೆ ಮಾಡೋಣ ಮಕ್ಕಳೇ. ಮೊದಲು ಕಾಲು ಉಳಿಸಿಕೊಳ್ಳಿ. ಕೋರ್ಟಿನೊಳಗೆ ಉರುಳಿ ಬಂದ ಶಟಲ್ ಮೇಲೆ ಹಿಂದಕ್ಕೆ ಓಡುವವರು ಹೆಜ್ಜೆ ಇಟ್ಟರೆ ಪಾದ ಹೊರಳುತ್ತದೆ. ಹಾಗೆ ಹೊರಳಿ ಕೂತವರು ಮತ್ತೆ ಕೋರ್ಟಿಗೆ ಬರಲು ಎಷ್ಟು ಕಾಲ ಬೇಕಾಯಿತೆಂದು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ನನ್ನ ಪದ್ಧತಿ ಬೇರೆ. ಶಟಲ್ ಒಳಗೆ ಬಂತೆಂದರೆ ನೋಡಿದವರು ಯಾರೇ ಆಗಲಿ ಕೂಗಬೇಕು. ನಾವು ಗೆಲ್ಲುವ ಹಂತದಲ್ಲಿದ್ದರೂ ಕೂಗಬೇಕು. ಬೆಂಚಿನ ಮೇಲೆ ಕೂತವರು ಕೂಗಬಹುದು, ಶಟಲ್ ಕಳೆದುಕೊಂಡ ಪಕ್ಕದ ಕೋರ್ಟಿನವರೂ ಕೂಗಬೇಕು. ಬೇಸ್‌ಲೈನ್ ಹೇಳಿದ ಆ ಕ್ಷಣದ ಗಡಿಬಿಡಿ ಇದರಿಂದ ಅರ್ಧ ತಪ್ಪುತ್ತದೆ, ಏಕೆಂದರೆ ಹೊಡೆಯುವವನೊಬ್ಬನೇ ಕೂಗಲಿ ಎಂದು ಉಳಿದ ಮೂವರು ಕಾಯುವುದಿಲ್ಲ. ಸಂಜೆಯಾಟ ಅವರೇ, ನಿಮ್ಮ ಕಥೆಯಲ್ಲಿ ಶಟಲ್ ಬಿದ್ದಾಗ ನೀವು ಎಲ್ಲಿ ನೋಡುತ್ತಿದ್ದಿರಿ? ನೀವು ಕೂಗಿದ್ದರೂ ಸಾಕಿತ್ತಲ್ಲ.

ಶಟಲ್ ಕಳೆದುಕೊಂಡವರಿಗೂ ಒಂದು ಮಾತು. ಅದನ್ನು ಹಿಡಿಯಲು ನಮ್ಮ ಕೋರ್ಟಿನೊಳಗೆ ಓಡಿ ಬರಬೇಡಿ. ಗೆರೆಯ ಆಚೆ ನಿಲ್ಲಿ, ರ‍್ಯಾಲಿ ಮುಗಿದ ಮೇಲೆ ನಾವೇ ಎತ್ತಿ ಕೊಡುತ್ತೇವೆ. ಕೋರ್ಟಿನ ಹಿಂದೆ ಹಾದುಹೋಗುವಾಗಲೂ ಹಾಗೆಯೇ. ಸರ್ವ್ ಎತ್ತುತ್ತಿರುವವರ ಕಣ್ಣೆದುರು ಬಣ್ಣದ ಅಂಗಿ ಹಾದುಹೋದರೆ ಶಟಲ್ ಮಾಯವಾಗುತ್ತದೆ.

ಸಂಜೆಯಾಟ
ಶಟಲ್ ನನಗೆ ಕಂಡಿರಲಿಲ್ಲ ಸರ್, ನಾನು ನೆಟ್ ಬಳಿ ಇದ್ದೆ. ಇನ್ನೊಂದು ಅನುಮಾನ. ಸಮಯಕ್ಕೆ ಸರಿಯಾಗಿ ಲೆಟ್ ಕರೆದರೂ ಎದುರಿನವರು "ನಮಗೇನೂ ತೊಂದರೆಯಾಗಲಿಲ್ಲ, ಆ ಶಟಲ್ ಮೂಲೆಯಲ್ಲಿತ್ತು" ಎಂದು ನಿರಾಕರಿಸಬಹುದೇ?

ಬೇಸ್‌ಲೈನ್
ನನ್ನ ಪ್ರಕಾರ ಇಲ್ಲ. ನಿನ್ನ ಗಮನ ನಿಜವಾಗಿ ತಪ್ಪಿತೇ ಎಂದು ಇನ್ನೊಬ್ಬರನ್ನು ಪಾಟೀಸವಾಲು ಮಾಡಲು ಬರುವುದಿಲ್ಲ. ಅವರ ಕಣ್ಣೊಳಗೆ ಹೊಕ್ಕು ನೋಡಲು ಸಾಧ್ಯವಿಲ್ಲ. ಕೂಡಲೇ ಕೂಗಿದರೆ ಕೊಡಬೇಕು, ಅಷ್ಟೇ. ಕೊಡಬೇಕಾಗಿಲ್ಲದ್ದು ಎರಡೇ ಕಡೆ. ಶಟಲ್ ನೆಲ ಮುಟ್ಟಿದ ಮೇಲೆ ಹೊರಗಿನದು ಬಂದಿದ್ದರೆ, ಇಲ್ಲವೇ ಅದನ್ನು ನೋಡಿಯೂ ಆಡುತ್ತ ಹೋಗಿ ಎರಡು ಮೂರು ಹೊಡೆತದ ನಂತರ ಸೋತಾಗ ನೆನಪಿಸಿಕೊಂಡರೆ. ನೋಡಿ ಆಡಿದರೆ ಒಪ್ಪಿಕೊಂಡಂತೆ.

ಹೊಸಬ
ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ಮೊಬೈಲ್ ರಿಂಗ್ ಆದರೆ? ಲೈಟ್ ಹೋದರೆ? ರ‍್ಯಾಲಿ ಮಧ್ಯೆ ರಾಕೆಟ್ಟಿನ ಗಟ್ (ತಂತಿ) ಹರಿದರೆ?

ಬೇಸ್‌ಲೈನ್
ಲೈಟ್ ಹೋದರೆ ಲೆಟ್, ಚರ್ಚೆಯೇ ಬೇಡ. ಕೋರ್ಟಿನೊಳಗೆ ಮಗು ಓಡಿ ಬಂದರೂ ಹಾಗೇ. ಗಟ್ ಹರಿದರೆ ಲೆಟ್ ಇಲ್ಲ, ಆಟ ಮುಂದುವರಿಯುತ್ತದೆ. ಶಟಲ್‌ನ ಒಂದು ಗರಿ ಮುರಿದರೂ ಇಲ್ಲ. ಬುಡದ ಕಾರ್ಕ್ ಉಳಿದ ಭಾಗದಿಂದ ಪೂರ್ತಿ ಕಳಚಿ ಬಿದ್ದರೆ ಮಾತ್ರ ಲೆಟ್. ಮೊಬೈಲ್ ಬೆಂಚಿನ ಮೇಲೆ ಎಲ್ಲೋ ರಿಂಗ್ ಆದರೆ ಆಡಿ. ಆಡುತ್ತಿರುವವರ ಜೇಬಿನಲ್ಲೇ ರಿಂಗ್ ಆದರೆ, ಜೇಬಿನಲ್ಲಿ ಇಟ್ಟುಕೊಂಡವರು ಲೆಟ್ ಕೇಳುವಂತಿಲ್ಲ, ಎದುರಿನವರು ಕೇಳಿದರೆ ಕೊಡಬೇಕು.

ಗರಿ
ಕೂಗಾಟದ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ, ನಾನು ಹೇಳುತ್ತೇನೆ. 13ನೇ ನಿಯಮದಲ್ಲಿ ಕೂಗಿಯೋ ಸನ್ನೆ ಮಾಡಿಯೋ ಎದುರಾಳಿಯ ಗಮನವನ್ನು ಉದ್ದೇಶಪೂರ್ವಕವಾಗಿ ಕೆಡಿಸುವುದು ಫಾಲ್ಟ್ ಎಂದಿದೆ. ಅದು ಲೆಟ್ ಅಲ್ಲ, ನೇರ ಪಾಯಿಂಟ್ ಹೋಗುತ್ತದೆ. ತೊಡಕು ಇರುವುದು "ಉದ್ದೇಶಪೂರ್ವಕ" ಎನ್ನುವಲ್ಲಿ. ಅಂಪೈರ್ ಇಲ್ಲದಲ್ಲಿ ಉದ್ದೇಶವನ್ನು ಯಾರು ಅಳೆಯುತ್ತಾರೆ? "ನಾನು ಪಾರ್ಟ್ನರ್‌ಗೆ ಹೇಳಿದ್ದು" ಎಂದರೆ ಮುಗಿಯಿತು.

ಅದಕ್ಕೆ ಉದ್ದೇಶವನ್ನು ಬಿಟ್ಟು ಹೊತ್ತು ನೋಡಿ. ಶಟಲ್ ನಿಮ್ಮ ಕಡೆಗೆ ಬರುತ್ತಿರುವಾಗ ಪಾರ್ಟ್ನರ್ ಜೊತೆ ಎಷ್ಟು ಬೇಕಾದರೂ ಮಾತಾಡಿ. "ನಂದು", "ನಿಂದು", "ಬಿಡು", "ಹಿಂದೆ ನೋಡು" ಎಲ್ಲ ಸರಿ, ಡಬಲ್ಸ್ ಮಾತಿಲ್ಲದೆ ನಡೆಯುವುದಿಲ್ಲ. ನಿಮ್ಮ ಕಡೆಯಿಂದ ಶಟಲ್ ಹೋದ ಮೇಲೆ, ಎದುರಿನವರು ಹೊಡೆಯುವ ತನಕ, ಬಾಯಿ ಮುಚ್ಚಿ. ಆ ಹೊತ್ತಿನಲ್ಲಿ ಬರುವ "ಹೇಯ್", ಕಾಲು ದಪ್ಪೆಂದು ನೆಲಕ್ಕೆ ಬಡಿಯುವುದು, ರಾಕೆಟ್ ಎತ್ತಿ ಅಲ್ಲಾಡಿಸುವುದು ಯಾವುದೂ ಪಾರ್ಟ್ನರ್‌ಗೆ ಹೇಳುವ ಮಾತಲ್ಲ.

ಇದನ್ನು ಹೇಳುವ ರೀತಿಯೂ ಮುಖ್ಯ. ಹೊಡೆತ ತಪ್ಪಿದ ಕೂಡಲೇ "ನೀವು ಕೂಗಿದ್ದಕ್ಕೇ ಹೋಯಿತು" ಎಂದರೆ ಪಾಯಿಂಟ್‌ಗಾಗಿ ಹೇಳಿದ ಹಾಗೆ ಕೇಳುತ್ತದೆ. ನಾನು ಗೆದ್ದ ರ‍್ಯಾಲಿಯ ನಂತರ ಹೇಳುತ್ತೇನೆ. "ಸರ್, ನಾನು ಹೊಡೆಯುವಾಗ ನೀವು ಕೂಗುತ್ತೀರಿ, ನನಗೆ ತೊಂದರೆಯಾಗುತ್ತದೆ, ಇನ್ನು ಮುಂದೆ ಬೇಡ." ಪಾಯಿಂಟ್ ನನ್ನದೇ ಆಗಿರುವಾಗ ಹೇಳಿದರೆ ಆ ಮಾತಿಗೆ ಬೇರೆ ತೂಕ. ಒಮ್ಮೆ ಹೇಳಿದ ಮೇಲೂ ಕೂಗಿದರೆ ಉದ್ದೇಶ ಏನೆಂದು ಹುಡುಕಬೇಕಾಗಿಲ್ಲ, ಫಾಲ್ಟ್ ಎಂದು ಕರೆಯಿರಿ. ಹೆಂಗಸರು ಆಡುವಾಗ ಹೊರಗೆ ಕೂತು ಪ್ರತಿ ಹೊಡೆತಕ್ಕೂ ಸಲಹೆ ಕೊಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ನಮಗೆ ಸಲಹೆ ಬೇಕಾದಾಗ ನಾವೇ ಕೇಳುತ್ತೇವೆ.

ನೆಟ್ ಪಕ್ಕ
ಗರಿ ಮೇಡಂ, ತತ್ವ ಸರಿ, ಆದರೆ ಜೋಶ್ ಕೂಡ ಆಟದ ಭಾಗ. ಒಳ್ಳೆ ಸ್ಮ್ಯಾಷ್ ಬಿದ್ದರೆ ಬಾಯಿಂದ "ಯೆಸ್" ಬಂದೇ ಬರುತ್ತೆ. ಹೊಡೆಯುವಾಗ ಉಸಿರು ಬಿಡುವ ಸದ್ದೂ ಕೆಲವರಿಗೆ ತಾನಾಗೇ ಬರುತ್ತೆ. ಎಲ್ಲದಕ್ಕೂ ಬಾಯಿ ಮುಚ್ಚಿ ಅಂದ್ರೆ ಆಡೋದು ಹೇಗೆ?

ಗರಿ
ಹೊಡೆಯುವಾಗ ಬರುವ ಉಸಿರಿನ ಸದ್ದಿಗೆ ನನ್ನ ತಕರಾರಿಲ್ಲ, ಅದು ನಿಮ್ಮ ಹೊಡೆತದ ಜೊತೆ ಬರುತ್ತದೆ, ನನ್ನ ಹೊಡೆತದ ಜೊತೆಗಲ್ಲ. "ಯೆಸ್" ಕೂಡ ಸಂತೋಷವೇ. ಆದರೆ ಶಟಲ್ ನೆಲಕ್ಕೆ ಬಿದ್ದ ಮೇಲೆ ಕೂಗಿ. ಬೀಳುವ ಮೊದಲೇ ಗೆದ್ದೆವೆಂದು ಕೂಗಿದ್ದರಿಂದ ಎಷ್ಟು ಜಗಳ ಹುಟ್ಟಿದೆ ಗೊತ್ತಾ? ನೀವು "ಯೆಸ್" ಎನ್ನುತ್ತೀರಿ, ನಾನು ಅಷ್ಟರಲ್ಲಿ ಎತ್ತುತ್ತೇನೆ, ನೀವು ಆಗಲೇ ಬೆನ್ನು ತಿರುಗಿಸಿರುತ್ತೀರಿ. ಶಟಲ್ ನಿಮ್ಮ ಕಡೆ ಬಿದ್ದರೆ ಪಾಯಿಂಟ್ ನನ್ನದು, ನೀವು ಲೆಟ್ ಕೇಳುವಂತಿಲ್ಲ. ನಿಮ್ಮ ಕೂಗಿಗೆ ನಾನು ನಿಂತುಬಿಟ್ಟರೆ ಮಾತ್ರ ಮತ್ತೆ ಆಡುವ ಹಕ್ಕು ನನಗಿರಬೇಕು.

ಎಡಗೈ
ಇದಕ್ಕೆ ಸೇರಿಸ್ತೀನಿ. "ಔಟ್" ಅನ್ನೋ ಪದದಿಂದಲೂ ಇದೇ ಗೋಳು. ಶಟಲ್ ಇನ್ನೂ ಗಾಳಿಯಲ್ಲಿರುವಾಗ ಪಾರ್ಟ್ನರ್‌ಗೆ "ಔಟ್" ಅಂತ ಕೂಗ್ತಾರೆ, ಅವನು ಕೇಳಿಸ್ಕೊಳ್ದೆ ಹೊಡೀತಾನೆ. ಎದುರಿನವರು ಔಟ್ ಅಂದ್ರಲ್ಲ ಅಂತ ನಿಂತಿರ್ತಾರೆ. ಈಗ ಯಾರ ಪಾಯಿಂಟ್? ನಮ್ಮಲ್ಲಿ ಗಾಳಿಯಲ್ಲಿರೋ ಶಟಲ್‌ಗೆ "ಬಿಡು" ಅನ್ನೋ ಮಾತು ಮಾತ್ರ. "ಔಟ್" ಅನ್ನೋದು ನೆಲಕ್ಕೆ ಬಿದ್ದ ಮೇಲೆ. ಎರಡು ಪದಕ್ಕೆ ಎರಡು ಕೆಲಸ ಅಂತ ಹಂಚಿಬಿಟ್ಟ ಮೇಲೆ ಈ ಗಲಾಟೆ ನಿಂತೇ ಹೋಯ್ತು.

ಗೆರೆಗಣ್ಣು
ಗೆರೆಯ ಮಾತು ಬಂತು, ಇದು ನನಗೆ ತುಂಬ ಮುಖ್ಯವಾದ ವಿಷಯ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗೆರೆಯ ಅಗಲ 40 ಮಿಲಿಮೀಟರ್. ಗೆರೆ ಅಂಗಳದ ಒಳಭಾಗವೇ, ಹೊರಭಾಗವಲ್ಲ. ಶಟಲ್‌ನ ಕಾರ್ಕ್ 25ರಿಂದ 28 ಮಿಲಿಮೀಟರ್ ದಪ್ಪ ಇರುತ್ತದೆ, ಅದರ ತಳ ಗುಂಡಗಿರುವುದರಿಂದ ನೆಲ ಮುಟ್ಟುವ ಜಾಗ ಅದಕ್ಕಿಂತ ಚಿಕ್ಕದು. ಕಾರ್ಕ್ ಮೊದಲು ಎಲ್ಲಿ ಮುಟ್ಟಿತು ಎನ್ನುವುದೊಂದೇ ಲೆಕ್ಕ. ಆಮೇಲೆ ಎಲ್ಲಿಗೆ ಜಾರಿತು, ಎಲ್ಲಿ ಬಂದು ನಿಂತಿತು ಎನ್ನುವುದಕ್ಕೆ ಬೆಲೆಯಿಲ್ಲ. ಎತ್ತರದಿಂದ ಹಿಂದಿನ ಗೆರೆಗೆ ಬೀಳುವ ಟಾಸ್ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತದೆ, ಅದರಲ್ಲಿ ಗೊಂದಲ ಕಡಿಮೆ. ಸ್ಮ್ಯಾಷ್ ಮತ್ತು ಡ್ರೈವ್ ಓರೆಯಾಗಿ ಬಂದು ನೆಲ ಮುಟ್ಟಿದ ತಕ್ಷಣ ಮುಂದಕ್ಕೆ ಜಾರುತ್ತವೆ. ಗೆರೆಯ ಮೇಲೆ ಬಿದ್ದ ಸ್ಮ್ಯಾಷ್ ಗೆರೆಯಾಚೆ ಹೋಗಿ ಮಲಗಿರುತ್ತದೆ. "ನೋಡಿ, ಶಟಲ್ ಎಲ್ಲಿದೆ" ಎಂದು ಬೆರಳು ತೋರಿಸುವವರು ತಪ್ಪು ಸಾಕ್ಷಿಯನ್ನು ತೋರಿಸುತ್ತಿದ್ದಾರೆ.

ಎರಡನೆಯದು ಕಣ್ಣಿನ ಕೋನ. ಗೆರೆಯ ಉದ್ದಕ್ಕೆ ನೋಡುವವರಿಗೆ ಒಳಗೋ ಹೊರಗೋ ಸ್ಪಷ್ಟವಾಗಿ ಗೊತ್ತಾಗುತ್ತದೆ. ಗೆರೆಯನ್ನು ಅಡ್ಡದಿಂದ ನೋಡುವವರಿಗೆ ಶಟಲ್ ಮತ್ತು ಗೆರೆಯ ನಡುವಿನ ಅಂತರ ಮೋಸ ಮಾಡುತ್ತದೆ. 13.4 ಮೀಟರ್ ಉದ್ದದ ಕೋರ್ಟಿನ ಆ ತುದಿಯಲ್ಲಿ ನಿಂತು, ನಡುವೆ ನೆಟ್ ಇಟ್ಟುಕೊಂಡು, ನಮ್ಮ ಹಿಂದಿನ ಗೆರೆಯ ಬಗ್ಗೆ ವಾದಿಸುವವರಿಗೆ ನಾನು ಸಮಾಧಾನವಾಗಿ ಇದನ್ನೇ ಹೇಳುತ್ತೇನೆ. ಹಿಂದಕ್ಕೆ ಓಡುತ್ತ, ಕತ್ತು ಮೇಲೆತ್ತಿ ನೋಡುವವರ ನೋಟವೂ ಅಷ್ಟು ನಂಬಿಕೆಯದಲ್ಲ.

ಹಾಗಾದರೆ ಯಾರು ಹೇಳಬೇಕು? ನಮ್ಮ ಕಡೆಯ ಗೆರೆಗೆ ನಾವು, ಅವರ ಕಡೆಯ ಗೆರೆಗೆ ಅವರು. ಇದು ನಿಯಮಪುಸ್ತಕದ ಮಾತಲ್ಲ, ಆಡುವವರ ನಡುವೆ ಬಂದಿರುವ ಒಪ್ಪಂದ. ನಮ್ಮ ಕಡೆ ಹೇಳುವ ಅಧಿಕಾರ ಸಿಕ್ಕಿದ ಮೇಲೆ ಅದರ ಜೊತೆಗೆ ಬರುವ ಹೊರೆಯನ್ನೂ ಹೊರಬೇಕು. ಸ್ಪಷ್ಟವಾಗಿ ಹೊರಗೆ ಕಂಡರೆ ಮಾತ್ರ "ಔಟ್". ಅನುಮಾನ ಇದ್ದರೆ ಒಳಗೆ, ಪಾಯಿಂಟ್ ಎದುರಿನವರಿಗೆ. ಪಾರ್ಟ್ನರ್‌ಗಳಲ್ಲಿ ಒಬ್ಬರು ಇನ್ ಎಂದು ಇನ್ನೊಬ್ಬರು ಔಟ್ ಎಂದರೆ ಅದೂ ಅನುಮಾನವೇ, ಕೊಟ್ಟುಬಿಡಿ.

ಈಗ "ಬಿಡಿ, ಮತ್ತೆ ಆಡೋಣ" ಎನ್ನುವ ಮಾತು. ಕೇಳಲು ಉದಾರವಾಗಿದೆ, ನನಗೆ ಇದು ಒಪ್ಪಿಗೆಯಿಲ್ಲ. ಎದುರಿನವರು ಗೆರೆಯ ಮೇಲೆ ಶಟಲ್ ಇಟ್ಟಿದ್ದಾರೆ. ನನಗೆ ಸರಿಯಾಗಿ ಕಾಣಲಿಲ್ಲ. ನಾನು ಮತ್ತೆ ಆಡೋಣ ಎಂದೆ. ಸೋತಿದ್ದ ಪಾಯಿಂಟ್‌ನಲ್ಲಿ ನನಗೆ ಇನ್ನೊಂದು ಅವಕಾಶ ಸಿಕ್ಕಿತು, ಅವರು ಚೆನ್ನಾಗಿ ಹೊಡೆದದ್ದಕ್ಕೆ ಏನೂ ಸಿಗಲಿಲ್ಲ. ಗಟ್ಟಿಯಾಗಿ ಅನುಮಾನ ಪಡುವವರಿಗೆ ಈ ಪದ್ಧತಿ ಲಾಭ. ಅನುಮಾನ ಬಂದಾಗ ಸುಮ್ಮನೆ ಪಾಯಿಂಟ್ ಕೊಡುವವರು ಇದರಲ್ಲಿ ಸೋಲುತ್ತ ಹೋಗುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಲೈನ್ ಜಡ್ಜ್‌ಗೆ ಕಾಣದೆ, ಅಂಪೈರ್‌ಗೂ ನಿರ್ಧರಿಸಲು ಆಗದಿದ್ದರೆ ಲೆಟ್ ಕೊಡುತ್ತಾರೆ. ನಮ್ಮಲ್ಲೂ ಹಾಗೇ ಇರಲಿ. ನಾಲ್ವರಲ್ಲಿ ಯಾರೂ ನೋಡಲಿಲ್ಲವೆಂದರೆ ಮತ್ತೆ ಆಡಿ, ಒಬ್ಬರಾದರೂ ನೋಡಿದ್ದರೆ ಅವರ ಮಾತು ಕೇಳಿ.

ಎದುರಿನವರಿಗೆ ಒಂದು ಹಕ್ಕು ಇದೆ, "ಖಚಿತಾನಾ?" ಎಂದು ಒಮ್ಮೆ ಕೇಳುವುದು. "ಹೌದು, ನೋಡಿದೆ" ಎಂದು ಉತ್ತರ ಬಂದರೆ ಮುಂದಿನ ಸರ್ವ್‌ಗೆ ಹೋಗಿ. ಮತ್ತೆ ಕೇಳಿದರೆ ಅದು ಪ್ರಶ್ನೆಯಾಗಿ ಉಳಿಯದೆ ಆರೋಪವಾಗುತ್ತದೆ. ದೊಡ್ಡ ಪಂದ್ಯಗಳಲ್ಲಿ ಗೆರೆಯ ನೇರಕ್ಕೆ ಕುರ್ಚಿ ಹಾಕಿ, ಬೇರೆ ಕೆಲಸವಿಲ್ಲದೆ ಅದನ್ನೇ ನೋಡುತ್ತ ಕೂತವರ ತೀರ್ಪೂ ಕ್ಯಾಮೆರಾ ನೋಡಿದಾಗ ತಲೆಕೆಳಗಾಗುತ್ತದೆ. ಓಡುತ್ತ ಆಡುವ ನಮ್ಮ ಕಣ್ಣು ತಪ್ಪಿದರೆ ಅದನ್ನು ಮೋಸ ಎನ್ನಬಾರದು.

ಎಡಗೈ
ಗೆರೆಗಣ್ಣು ಸರ್, ಬರೆದದ್ದು ಒಂದೊಂದೂ ಸರಿ. ಆದರೆ ಯಾವಾಗಲೂ ತನ್ನ ಕಡೆಗೇ ಹೇಳೋನು ಒಬ್ಬ ಇದ್ದರೆ? ನಾವು ಅನುಮಾನ ಬಂದಾಗೆಲ್ಲ ಕೊಡ್ತೀವಿ, ಅವನು ಅನುಮಾನ ಬಂದಾಗೆಲ್ಲ ತಗೋತಾನೆ. ಗೇಮ್‌ಗೆ ಎರಡು ಮೂರು ಪಾಯಿಂಟ್ ಹೀಗೇ ಹೋದ್ರೆ ಸೋಲು ಗ್ಯಾರಂಟಿ. ಒಳ್ಳೆಯವರಿಗೆ ಮಾತ್ರ ನಷ್ಟ ಆಗೋ ಪದ್ಧತಿ ಎಷ್ಟು ದಿನ ನಡೆಯುತ್ತೆ?

ಹಳೇ ರಾಕೆಟ್
ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಅವನು ಹಾಗೆ ಹೇಳುತ್ತಾನೆಂದು ನಾವೂ ಒಂದು ಕದ್ದು ಹೇಳಲು ಶುರು ಮಾಡಿದರೆ ಅಂದಿಗೆ ಆ ಗುಂಪಿನ ಆಟ ಮುಗಿಯಿತು. ಅದನ್ನು ಮಾಡಬೇಡಿ.

ಮೊದಲು ಕೆಟ್ಟ ಮನಸ್ಸೋ ಕೆಟ್ಟ ಕಣ್ಣೋ ತಿಳಿದುಕೊಳ್ಳಿ. ನಮ್ಮ ಜೊತೆ ಆಡುವ ಹಿರಿಯರೊಬ್ಬರಿಗೆ ದೂರದ ದೃಷ್ಟಿ ಮಂಜಾಗಿದೆ. ಅವರ ಮಾತು ಆಗಾಗ ತಪ್ಪುತ್ತಿತ್ತು, ಹುಡುಗರು ಬೆನ್ನ ಹಿಂದೆ ಏನೇನೋ ಆಡಿಕೊಳ್ಳುತ್ತಿದ್ದರು. ಅವರನ್ನೇ ಕೇಳಿದಾಗ "ನನಗೆ ಅಲ್ಲಿ ಗೆರೆ ಸರಿಯಾಗಿ ಕಾಣುವುದಿಲ್ಲಪ್ಪ" ಎಂದರು. ಈಗ ಅವರ ಕಡೆಯ ಹಿಂದಿನ ಗೆರೆಯನ್ನು ಅವರ ಪಾರ್ಟ್ನರ್ ನೋಡುತ್ತಾರೆ, ಸಿಂಗಲ್ಸ್ ಆದರೆ ಎದುರಿನವರೇ ಹೇಳುತ್ತಾರೆ. ಅವರಿಗೂ ನೆಮ್ಮದಿ.

ಮನಸ್ಸಿನದೇ ತೊಂದರೆ ಎಂದಾದರೆ ಹೊರಗೆ ಕೂತವರನ್ನು ಗೆರೆ ನೋಡಲು ಕೂರಿಸಿ. ಒಬ್ಬರನ್ನು ಗುರಿ ಮಾಡಬೇಡಿ, ಎಲ್ಲ ಗೇಮ್‌ಗೂ ಎಲ್ಲರಿಗೂ ಕೂರಿಸಿ. ಸರದಿ ಕಾಯುವವರು ಹೇಗೂ ಇರುತ್ತಾರೆ, ಹಿಂದಿನ ಗೆರೆಗೆ ಒಬ್ಬೊಬ್ಬರು ಸಾಕು. ಹೊರಗಿನ ಕಣ್ಣು ಇದ್ದಾಗ ಎಂಥವರ ಮಾತೂ ನೆಟ್ಟಗಾಗುತ್ತದೆ. ಅದೂ ಆಗದಿದ್ದರೆ ಆಟ ಮುಗಿದ ಮೇಲೆ, ಯಾರೂ ಇಲ್ಲದಾಗ, ಅವರಿಗೆ ಹತ್ತಿರದವರು ಒಬ್ಬರು ಹೋಗಿ ಮಾತಾಡಲಿ. 19-19ರಲ್ಲಿ ಎಲ್ಲರೆದುರು ಹೇಳಿದರೆ ಯಾರೂ ತಿದ್ದಿಕೊಳ್ಳುವುದಿಲ್ಲ, ಹಟಕ್ಕೆ ಬೀಳುತ್ತಾರೆ.

ನೆಟ್ ಪಕ್ಕ
ಕಣ್ಣಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮಲ್ಲಿ ಕಿವಿ ಕೇಳದ ಹುಡುಗ ಒಬ್ಬ ಆಡ್ತಾನೆ, ತುಂಬಾ ಚೆನ್ನಾಗಿ ಆಡ್ತಾನೆ. ಲೆಟ್ ಅಂತ ಎಷ್ಟು ಕೂಗಿದರೂ ಅವನಿಗೆ ಗೊತ್ತಾಗಲ್ಲ, ಆಡ್ತಾನೇ ಇರ್ತಾನೆ, ಆಮೇಲೆ ಗೊಂದಲ. ಈಗ ನಾವೆಲ್ಲ ಕೂಗೋದರ ಜೊತೆಗೆ ರಾಕೆಟ್ ಇಲ್ಲದ ಕೈಯನ್ನ ತಲೆ ಮೇಲೆ ಎತ್ತುತ್ತೀವಿ. ಗಲಾಟೆ ಜಾಸ್ತಿ ಇರೋ ಹಾಲ್‌ನಲ್ಲಿ ಕಿವಿ ಕೇಳೋವ್ರಿಗೂ ಇದೇ ಅನುಕೂಲ ಆಯ್ತು. ಯಾವಾಗ ಕರೆದ್ರು ಅನ್ನೋ ವಾದಾನೂ ಕಮ್ಮಿ ಆಗಿದೆ, ಕೈ ಎದ್ದಿದ್ದು ಎಲ್ಲರಿಗೂ ಕಾಣುತ್ತಲ್ಲ.

ಸಂಜೆಯಾಟ
ಕೈ ಎತ್ತುವುದು ಬಹಳ ಒಳ್ಳೆಯ ಉಪಾಯ, ನಾಳೆಯಿಂದಲೇ ನಮ್ಮಲ್ಲೂ ಶುರು ಮಾಡುತ್ತೇವೆ. ಸ್ಕೋರ್ ಮರೆತಾಗ ಏನು ಮಾಡುತ್ತೀರಿ? ನಾವು ನಾಲ್ವರೂ ನಾಲ್ಕು ಸ್ಕೋರ್ ಹೇಳಿದ ದಿನಗಳಿವೆ.

ಹಳೇ ರಾಕೆಟ್
ಡಬಲ್ಸ್‌ನಲ್ಲಿ ಗೇಮ್ ಶುರುವಿನಲ್ಲಿ ಬಲಗಡೆ ನಿಂತಿದ್ದವರು ಈಗ ಎಲ್ಲಿದ್ದಾರೆ ನೋಡಿ. ಬಲಗಡೆ ಇದ್ದರೆ ಸ್ಕೋರ್ ಸಮ, ಎಡಗಡೆ ಇದ್ದರೆ ಬೆಸ. ನಾವು ಮೊದಲಿಂದ ಹೀಗೇ ಲೆಕ್ಕ ಹಾಕುತ್ತಿದ್ದೆವು.

ಬೇಸ್‌ಲೈನ್
ಸರ್, ಆ ಲೆಕ್ಕ ಹಳೆಯ ಪದ್ಧತಿಗೆ ಸರಿಯಾಗಿತ್ತು. ಆಗ ಸರ್ವ್ ಮಾಡುವಾಗ ಮಾತ್ರ ಪಾಯಿಂಟ್ ಬರುತ್ತಿತ್ತು, ಪ್ರತಿ ಪಾಯಿಂಟ್‌ಗೂ ಜಾಗ ಬದಲಾಗುತ್ತಿತ್ತು. 2006ರಲ್ಲಿ ಪ್ರತಿ ರ‍್ಯಾಲಿಗೂ ಪಾಯಿಂಟ್ ಕೊಡುವ 21ರ ಪದ್ಧತಿ ಬಂದ ಮೇಲೆ, ಎದುರಿನವರ ಸರ್ವ್‌ನಲ್ಲಿ ಗೆದ್ದರೂ ಪಾಯಿಂಟ್ ಬರುತ್ತದೆ, ಆದರೆ ಜಾಗ ಬದಲಾಗುವುದಿಲ್ಲ. ಆದ್ದರಿಂದ ಈಗ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದು ಏನನ್ನೂ ಹೇಳುವುದಿಲ್ಲ. ಸರ್ವ್ ಯಾವ ಕಡೆಯಿಂದ ಹೋಯಿತು ಎನ್ನುವುದು ಹೇಳುತ್ತದೆ. ಬಲಗಡೆಯಿಂದ ಹೋಗಿದ್ದರೆ ಆಗ ಸರ್ವ್ ಮಾಡಿದವರ ಸ್ಕೋರ್ ಸಮ, ಎಡಗಡೆಯಿಂದ ಹೋಗಿದ್ದರೆ ಬೆಸ. 14ಓ 15ಓ ಎಂಬ ಜಗಳಕ್ಕೆ ಇಷ್ಟು ಸಾಕಾಗುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸವಿದ್ದರೆ ಎಲ್ಲರೂ ಒಪ್ಪುವ ಕೊನೆಯ ಸ್ಕೋರಿಗೆ ಹೋಗಿ, ಅಲ್ಲಿಂದ ನೆನಪಿರುವ ರ‍್ಯಾಲಿಗಳನ್ನು ಜೋಡಿಸಿ. ಆದರೆ ಇದೆಲ್ಲ ಬೇಕಾಗುವುದು ಸರ್ವ್ ಮಾಡುವವರು ಪ್ರತಿ ಸಲ ಸ್ಕೋರ್ ಗಟ್ಟಿಯಾಗಿ ಹೇಳದಿದ್ದಾಗ. ಹೇಳಿದಾಗ ಸುಮ್ಮನಿದ್ದು ಮೂರು ಪಾಯಿಂಟ್ ಆದ ಮೇಲೆ ತಕರಾರು ತೆಗೆಯುವಂತಿಲ್ಲ ಎಂದೂ ಒಪ್ಪಿಕೊಳ್ಳಿ. ತಪ್ಪು ಕಡೆಯಿಂದ ಸರ್ವ್ ಮಾಡಿದ್ದು ನಂತರ ಗೊತ್ತಾದರೆ ಜಾಗ ಸರಿಪಡಿಸಿಕೊಂಡರೆ ಆಯಿತು, ಬಂದ ಪಾಯಿಂಟ್ ಹಾಗೇ ಉಳಿಯುತ್ತದೆ.

ಹೊಸಬ
"ನಾನು ರೆಡಿ ಇರಲಿಲ್ಲ" ಅಂತ ಹೇಳೋದು? ನಮ್ಮಲ್ಲಿ ಒಬ್ಬರು ಸರ್ವ್ ರಿಟರ್ನ್ ನೆಟ್‌ಗೆ ಹೋದಾಗ ಮಾತ್ರ ರೆಡಿ ಇರಲ್ಲ.

ಗರಿ
ಇದಕ್ಕೆ ನಿಯಮದಲ್ಲೇ ಸ್ಪಷ್ಟ ಉತ್ತರ ಇದೆ. ಎದುರಿನವರು ಸಿದ್ಧರಾಗುವ ಮೊದಲು ಸರ್ವ್ ಮಾಡಬಾರದು, ಮಾಡಿದರೆ ಲೆಟ್. ಆದರೆ ಸರ್ವ್ ಹಿಂದಿರುಗಿಸಲು ಪ್ರಯತ್ನ ಮಾಡಿದರೆ ಸಿದ್ಧರಿದ್ದರು ಎಂದೇ ಲೆಕ್ಕ. ರಾಕೆಟ್ ಬೀಸಿದರೆ ರೆಡಿ ಇದ್ದಿರಿ, ಅಷ್ಟೇ. ರೆಡಿ ಇಲ್ಲದಿದ್ದರೆ ಕೈ ಎತ್ತಿ, ಶಟಲ್ ಬೀಳಲು ಬಿಡಿ. ಇನ್ನೊಂದು ವಿಷಯ, ಡಬಲ್ಸ್‌ನಲ್ಲಿ ಸರ್ವ್ ಮಾಡುವವರ ಪಾರ್ಟ್ನರ್ ಎಲ್ಲಿ ಬೇಕಾದರೂ ನಿಲ್ಲಬಹುದು, ಆದರೆ ರಿಸೀವರ್‌ಗೆ ಶಟಲ್ ಕಾಣದಂತೆ ಮರೆ ಮಾಡಬಾರದು. ಮಿಕ್ಸೆಡ್ ಆಡುವಾಗ ಹೀಗೆ ಆಗುತ್ತಿರುತ್ತದೆ. ಸರ್ವ್ ಆಗುವ ಮೊದಲೇ "ಕಾಣುತ್ತಿಲ್ಲ, ಸ್ವಲ್ಪ ಸರಿಯಿರಿ" ಎಂದು ಹೇಳಿ. ಸರ್ವ್ ತಪ್ಪಿಸಿಕೊಂಡ ಮೇಲೆ ಹೇಳಿದರೆ ಉಪಯೋಗವಿಲ್ಲ.

ಗೆರೆಗಣ್ಣು
ಯಾರೂ ಎತ್ತದ ಒಂದು ವಿಷಯ ಉಳಿದಿದೆ. ಹೊರಗೆ ಹೋಗುತ್ತಿದ್ದ ಶಟಲ್ ನಮ್ಮ ರಾಕೆಟ್ಟಿಗೋ ಅಂಗಿಗೋ ಕೂದಲಿಗೋ ಸವರಿ ಹೋಗಿರುತ್ತದೆ. ರ‍್ಯಾಲಿ ನಡೆಯುವಾಗ ನಮ್ಮ ರಾಕೆಟ್ ತುದಿ ನೆಟ್ ಮುಟ್ಟಿರುತ್ತದೆ. ಇವುಗಳಲ್ಲಿ ಲೈನ್ ಜಡ್ಜ್ ಕೂರಿಸಿದರೂ ಪ್ರಯೋಜನವಿಲ್ಲ, ಗೊತ್ತಿರುವುದು ನಮಗೊಬ್ಬರಿಗೇ. ಎದುರಿನವರು ಕೇಳುವವರೆಗೆ ಕಾಯಬಾರದು, "ತಾಗಿತು" ಎಂದು ನಾವೇ ಮೊದಲು ಹೇಳಬೇಕು. ನಮ್ಮ ಗುಂಪಿಗೆ ಬಂದ ಮಕ್ಕಳು ಇದನ್ನು ದೊಡ್ಡವರನ್ನು ನೋಡಿಯೇ ಕಲಿತರು, ಯಾರೂ ಪಾಠ ಮಾಡಲಿಲ್ಲ. ಒಬ್ಬರು ಹೀಗೆ ಹೇಳತೊಡಗಿದ ಮೇಲೆ ಅವರು "ಔಟ್" ಎಂದಾಗ "ಖಚಿತಾನಾ?" ಎಂದು ಕೇಳುವುದನ್ನೇ ಎದುರಿನವರು ಬಿಟ್ಟರು.

ಒಂದೇ ಬೀಸಿನಲ್ಲಿ ಚೌಕಟ್ಟಿಗೂ ಗಟ್‌ಗೂ ತಾಗಿದರೆ ಅದು ಫಾಲ್ಟ್ ಅಲ್ಲ ಎನ್ನುವುದೂ ನೆನಪಿರಲಿ. "ಡಬಲ್ ಸದ್ದು ಬಂತು" ಎಂದು ಪಾಯಿಂಟ್ ಕೇಳುವವರಿದ್ದಾರೆ.

ಎಡಗೈ
ಕೊನೇದು ಒಂದು. ನಾವು ಆಡೋ ಹಾಲ್‌ನಲ್ಲಿ ಚಾವಣಿ ತಗ್ಗು, ಕೋರ್ಟಿನ ಮೇಲೆ ಅಡ್ಡ ಕಂಬಿ ಇದೆ. ಒಳ್ಳೆ ಟಾಸ್ ಎತ್ತಿದರೆ ತಾಗುತ್ತೆ. ಕೆಲವರು ಲೆಟ್ ಅಂತಾರೆ, ಕೆಲವರು ಫಾಲ್ಟ್ ಅಂತಾರೆ, ದಿನಕ್ಕೊಂದು ನಿಯಮ.

ಬೇಸ್‌ಲೈನ್
ನಿಯಮದ ಪ್ರಕಾರ ಚಾವಣಿಗೆ ತಾಗಿದರೆ ಫಾಲ್ಟ್, ಹೊಡೆದವರು ಪಾಯಿಂಟ್ ಕಳೆದುಕೊಳ್ಳುತ್ತಾರೆ. ಆದರೆ ಕಟ್ಟಡದ ರಚನೆಯೇ ಅಡ್ಡ ಬರುವ ಕಡೆ ಅಲ್ಲಿಯ ಬ್ಯಾಡ್ಮಿಂಟನ್ ಸಂಸ್ಥೆ ಬೇರೆ ಉಪನಿಯಮ ಮಾಡಿಕೊಳ್ಳಲು ಅವಕಾಶ ಇದೆ. ಹಾಗಾಗಿ ನೀವು ಗುಂಪಾಗಿ ಕೂತು ಕಂಬಿಗೆ ತಾಗಿದರೆ ಲೆಟ್, ಚಾವಣಿಗೆ ತಾಗಿದರೆ ಫಾಲ್ಟ್ ಎಂದು ಮಾಡಿಕೊಂಡರೂ ತಪ್ಪಲ್ಲ. ಯಾರದಾದರೂ ಶಟಲ್ ಕಂಬಿಗೆ ತಾಗಿ ಕೆಳಗೆ ಬೀಳುತ್ತಿರುವಾಗ ಮಾತ್ರ ಅದನ್ನು ತೀರ್ಮಾನಿಸಲು ಹೋಗಬೇಡಿ. ಮೊದಲ ಗೇಮ್ ಶುರುವಾಗುವ ಮುಂಚೆ ಎಲ್ಲರಿಗೂ ಹೇಳಿ, ಹೊಸಬರು ಬಂದಾಗ ಮತ್ತೊಮ್ಮೆ ಹೇಳಿ. ಅದನ್ನು ಬದಲಿಸಬೇಕೆನಿಸಿದರೆ ಆ ದಿನದ ಆಟ ಮುಗಿದ ಮೇಲೆ ಬದಲಿಸಿ.

ಎಡಗೈ
ಸರಿ ಸರ್, ಕಂಬಿಗೆ ಲೆಟ್, ಚಾವಣಿಗೆ ಫಾಲ್ಟ್. ಇವತ್ತೇ ಗುಂಪಿನಲ್ಲಿ ಕೇಳ್ತೀನಿ.